ಹೊತ್ತವಳೊಬ್ಬಳು, ಸಾಕುವವಳೊಬ್ಬಳು

'ಒಂಬತ್ತು ತಿಂಗಳು ಹೊತ್ತು, ಹೆತ್ತು, ಸಾಕಿ ಸಲಹಿದ ತಾಯಿ' ಎಂಬ ಮಾತು ಕನ್ನಡದಲ್ಲಿ ಬಹಳ ಬಳಕೆಯದು. ಆ ಒಂದು ಮಾತಿನಲ್ಲಿ ಹಲವು ಕೆಲಸಗಳು ಸೇರಿಕೊಂಡಿವೆ ಎಂಬುದು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಹೊತ್ತವಳೇ ಹೆತ್ತವಳು; ಹೆತ್ತವಳೇ ಸಾಕುವವಳು; ಮಗುವಿನ ಮೈಯಲ್ಲಿ ಹರಿಯುವುದು ಅವಳದೇ ರಕ್ತ. ಸಾವಿರಾರು ವರ್ಷಗಳ ಕಾಲ ಇದು ಪ್ರಶ್ನೆಯೇ ಅಲ್ಲದ ಸತ್ಯವಾಗಿತ್ತು. ತಂದೆ ಯಾರು ಎಂಬ ಬಗ್ಗೆ ಸಂದೇಹ ಬರಬಹುದಿತ್ತು, ತಾಯಿ ಯಾರು ಎಂಬ ಬಗ್ಗೆ ಬರುವಂತಿರಲಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಸತ್ಯ ಸಡಿಲವಾಯಿತು. ಅಂಡಾಣು ಒಬ್ಬಳದು, ಬಸಿರು ಇನ್ನೊಬ್ಬಳದು, ತೊಟ್ಟಿಲು ತೂಗುವವಳು ಮತ್ತೊಬ್ಬಳು ಎಂಬ ಸ್ಥಿತಿ ಸಾಧ್ಯವಾಯಿತು. ಹೀಗೆ ಇನ್ನೊಬ್ಬರಿಗಾಗಿ ಮಗುವನ್ನು ಹೊತ್ತು ಹೆರುವವಳಿಗೆ ಕನ್ನಡ ಪತ್ರಿಕೆಗಳು ಕೊಟ್ಟ ಹೆಸರು 'ಬಾಡಿಗೆ ತಾಯಿ'. ಮಕ್ಕಳಿಲ್ಲದವರು ಸಂಸಾರ ಕಟ್ಟಿಕೊಳ್ಳಲು ಹಿಡಿದ ದಾರಿಗಳಲ್ಲಿ ಇದು ಅತ್ಯಂತ ಹೊಸದು. ಆದರೆ ಇದರ ಹಿಂದಿನ ಹಂಬಲ ಹೊಸದಲ್ಲ, ಇದು ಎಬ್ಬಿಸಿದ ಜಗಳವೂ ಪೂರ್ತಿ ಹೊಸದಲ್ಲ. ಈ ದಾರಿಯ ಚರಿತ್ರೆಯನ್ನು ಹಿಂದಿನಿಂದ ನೋಡುತ್ತ ಬಂದರೆ ಒಂದು ಅಂಶ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮಗು ಯಾರದು ಎಂಬ ಪ್ರಶ್ನೆಗೆ ಪ್ರತಿಯೊಂದು ಕಾಲವೂ ಒಂದು ಉತ್ತರ ಹುಡುಕಿಕೊಂಡಿದೆ. ಹೊತ್ತವಳ ಪಾಲೇನು ಎಂಬ ಪ್ರಶ್ನೆ ಮಾತ್ರ ಯಾವಾಗಲೂ ಕೊನೆಗೆ ಉಳಿದಿದೆ.

ಹಾಗರಳ ಕತೆ

ಕ್ರಿಸ್ತಪೂರ್ವ ಹದಿನೆಂಟನೆಯ ಶತಮಾನದಲ್ಲಿ ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಕಲ್ಲಿನಲ್ಲಿ ಕೆತ್ತಿಸಿದ ಕಾನೂನುಗಳಲ್ಲಿ ಈ ವಿಷಯದ ಪ್ರಸ್ತಾಪವಿದೆ. ಹೆಂಡತಿಯೊಬ್ಬಳು ತನ್ನ ಗಂಡನಿಗೆ ದಾಸಿಯನ್ನು ಕೊಟ್ಟು, ಆ ದಾಸಿ ಮಕ್ಕಳನ್ನು ಹೆತ್ತು ತನ್ನ ಒಡತಿಗೆ ಸರಿಸಮ ಎಂದುಕೊಂಡರೆ, ಅವಳನ್ನು ದಾಸಿಯರ ಸಾಲಿಗೆ ಸೇರಿಸಬಹುದು, ಆದರೆ ಮಾರುವಂತಿಲ್ಲ. ಮಕ್ಕಳನ್ನು ಹೆರದಿದ್ದರೆ ಮಾರಬಹುದು. ಅಂದರೆ ದಾಸಿಗೆ ಸಿಕ್ಕ ಅಲ್ಪ ರಕ್ಷಣೆ ಅವಳ ಬಸಿರಿನಿಂದ ಬಂದದ್ದು.

ಬೈಬಲ್ಲಿನ ಆದಿಕಾಂಡದಲ್ಲಿ ಬರುವ ಕತೆಯೂ ಇಂಥದೇ. ಮಕ್ಕಳಿಲ್ಲದ ಸಾರಾ ತನ್ನ ಐಗುಪ್ತದ ದಾಸಿ ಹಾಗರಳನ್ನು ಗಂಡ ಅಬ್ರಹಾಮನಿಗೆ ಒಪ್ಪಿಸುತ್ತಾಳೆ. ಹಾಗರಳಿಗೆ ಇಷ್ಮಾಯೇಲ ಹುಟ್ಟುತ್ತಾನೆ. ಆಮೇಲೆ ಸಾರಾಳಿಗೇ ಮಗನಾದಾಗ ಹಾಗರ ಮತ್ತು ಅವಳ ಮಗ ಮರುಭೂಮಿಯ ಪಾಲಾಗುತ್ತಾರೆ. ಈ ಇಡೀ ಏರ್ಪಾಡಿಗೆ ಹಾಗರಳ ಒಪ್ಪಿಗೆ ಕೇಳಿದ ಉಲ್ಲೇಖ ಕತೆಯಲ್ಲಿ ಎಲ್ಲಿಯೂ ಇಲ್ಲ.

ನಮ್ಮ ಪುರಾಣಗಳಲ್ಲಿ ಗರ್ಭವೇ ಒಬ್ಬಳಿಂದ ಇನ್ನೊಬ್ಬಳಿಗೆ ಸಾಗುವ ಕತೆಗಳಿವೆ. ಕಂಸನ ಸೆರೆಯಲ್ಲಿದ್ದ ದೇವಕಿಯ ಏಳನೆಯ ಗರ್ಭವನ್ನು ಯೋಗಮಾಯೆ ಗೋಕುಲದಲ್ಲಿದ್ದ ರೋಹಿಣಿಯ ಒಡಲಿಗೆ ಸಾಗಿಸಿದಳೆಂದು ಭಾಗವತ ಹೇಳುತ್ತದೆ. ಹಾಗೆ ಸೆಳೆದು ತಂದದ್ದರಿಂದಲೇ ಬಲರಾಮನಿಗೆ ಸಂಕರ್ಷಣ ಎಂಬ ಹೆಸರು. ಶ್ವೇತಾಂಬರ ಜೈನರ ಕಲ್ಪಸೂತ್ರದ ಪ್ರಕಾರ, ದೇವಾನಂದೆಯ ಗರ್ಭದಲ್ಲಿದ್ದ ಮಹಾವೀರನನ್ನು ಹರಿಣೈಗಮೇಷಿ ಎಂಬ ದೇವತೆ ತ್ರಿಶಲೆಯ ಗರ್ಭಕ್ಕೆ ಒಯ್ದಿಟ್ಟ. ಕರ್ನಾಟಕದಲ್ಲಿ ಹೆಚ್ಚಾಗಿರುವ ದಿಗಂಬರ ಜೈನರು ಈ ಕತೆಯನ್ನು ಒಪ್ಪುವುದಿಲ್ಲ. ಇವು ಪ್ರಾಚೀನರಿಗೆ ವೈದ್ಯವಿದ್ಯೆ ತಿಳಿದಿತ್ತೆನ್ನುವುದಕ್ಕೆ ಸಾಕ್ಷಿಗಳಲ್ಲ. ಆದರೆ ಗರ್ಭ ಧರಿಸಿದವಳು ಮತ್ತು ಮಗುವನ್ನು ಪಡೆದವಳು ಬೇರೆ ಬೇರೆ ಆಗಿರಬಹುದು ಎಂಬ ಕಲ್ಪನೆ ಜನಮನಕ್ಕೆ ಹೊರತಾದುದಾಗಿರಲಿಲ್ಲ ಎಂಬುದಂತೂ ಇವುಗಳಿಂದ ತಿಳಿಯುತ್ತದೆ.

ದತ್ತಕದ ದಾರಿ

ಕತೆಗಳ ಆಚೆ, ನಿಜ ಜೀವನದಲ್ಲಿ ಮಕ್ಕಳಿಲ್ಲದವರಿಗೆ ಇದ್ದ ದಾರಿ ದತ್ತಕ. ಹೆತ್ತವರು ಬೇರೆ, ಸಾಕುವವರು ಬೇರೆ ಎಂಬುದನ್ನು ಸಮಾಜ ಮೊದಲು ಒಪ್ಪಿಕೊಂಡದ್ದು ಇಲ್ಲಿ. ಆದರೆ ದತ್ತು ಮಗು ಮನೆಯವರ ಕಣ್ಣಿಗೆ ಮಗನಾದರೆ ಸಾಲದು, ಸರ್ಕಾರದ ಕಣ್ಣಿಗೂ ಆಗಬೇಕು. ಕನ್ನಡ ನಾಡು ಈ ಪಾಠವನ್ನು ರಕ್ತ ಸುರಿಸಿ ಕಲಿತಿದೆ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜನ ಸಾವಿನ ಸಂದರ್ಭದಲ್ಲಿ ನಡೆದ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಕಿತ್ತೂರು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ರಾಣಿ ಚೆನ್ನಮ್ಮ ಕೊನೆಗೆ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದಳು.

ಮೈಸೂರಿನಲ್ಲಿ ಅದೇ ಪ್ರಶ್ನೆ ಬೇರೆ ರೀತಿ ಬಗೆಹರಿಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರ ಒಡೆಯರನ್ನು ದತ್ತು ತೆಗೆದುಕೊಂಡರು. ಬ್ರಿಟಿಷ್ ಸರ್ಕಾರ ಅದಕ್ಕೆ ಮಾನ್ಯತೆ ಕೊಟ್ಟದ್ದು 1867ರಲ್ಲಿ. 1881ರಲ್ಲಿ ಮೈಸೂರು ರಾಜ್ಯ ಮತ್ತೆ ಒಡೆಯರ ಕೈ ಸೇರಲು ಈ ಮಾನ್ಯತೆಯೇ ಅಡಿಗಲ್ಲಾಯಿತು.

ಆಗ ದತ್ತಕದ ಮುಖ್ಯ ಉದ್ದೇಶ ವಂಶ ಮತ್ತು ಪಿಂಡ. ಹಾಗಾಗಿ ದತ್ತು ಬರುವುದು ಸಾಮಾನ್ಯವಾಗಿ ಗಂಡು ಮಗು, ಅದೂ ಬಂಧು ಬಳಗದೊಳಗಿನದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹೆಣ್ಣುಮಗುವನ್ನೂ ದತ್ತು ಪಡೆಯಲು ಅವಕಾಶ ಕೊಟ್ಟಿತು. ಅವಿವಾಹಿತೆ, ವಿಧವೆ, ವಿಚ್ಛೇದಿತೆಯೂ ತನಗಾಗಿ ದತ್ತು ತೆಗೆದುಕೊಳ್ಳುವ ಹಕ್ಕು ಪಡೆದಳು. ಸಂಸಾರ ಎಂದರೆ ರಕ್ತಸಂಬಂಧ ಮಾತ್ರವಲ್ಲ ಎಂಬುದನ್ನು ಕಾನೂನು ಇಷ್ಟರಮಟ್ಟಿಗೆ ಒಪ್ಪಿತು. ಆದರೂ 'ನಮ್ಮದೇ ರಕ್ತದ ಮಗು' ಎಂಬ ಆಸೆ ಹೋಗಲಿಲ್ಲ. ಆ ಆಸೆಗೆ ವಿಜ್ಞಾನ ದಾರಿ ತೆರೆದದ್ದು 1978ರಲ್ಲಿ.

ಗಾಜಿನ ತಟ್ಟೆಯಲ್ಲಿ ಆರಂಭ

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಊರಿನ ಆಸ್ಪತ್ರೆಯಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ವೈದ್ಯ ಪ್ಯಾಟ್ರಿಕ್ ಸ್ಟೆಪ್ಟೊ, ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್ ಮತ್ತು ಅವರ ಸಹಾಯಕಿ ಜೀನ್ ಪರ್ಡಿ ವರ್ಷಗಟ್ಟಲೆ ನಡೆಸಿದ ಪ್ರಯತ್ನದ ಫಲ ಅದು. ತಾಯಿಯ ಅಂಡಾಣುವನ್ನು ಹೊರತೆಗೆದು, ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ತಂದೆಯ ವೀರ್ಯಾಣುವಿನೊಂದಿಗೆ ಸೇರಿಸಿ, ಬೆಳೆಯತೊಡಗಿದ ಭ್ರೂಣವನ್ನು ಗರ್ಭಕೋಶಕ್ಕೆ ಇಳಿಸಲಾಗಿತ್ತು. ಪತ್ರಿಕೆಗಳು ಇದನ್ನು 'ಪ್ರನಾಳ ಶಿಶು' ಎಂದು ಕರೆದವು. ಎಡ್ವರ್ಡ್ಸ್‌ಗೆ 2010ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಅದೇ ವರ್ಷದ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಇನ್ನೊಂದು ಹೆಣ್ಣುಮಗು ಹುಟ್ಟಿತು. ಪಶ್ಚಿಮ ಬಂಗಾಳ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಅವಮಾನ, ವರ್ಗಾವಣೆಗಳಿಂದ ನೊಂದ ಅವರು 1981ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಮುಂದೆ 1986ರ ಆಗಸ್ಟಿನಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದಕುಮಾರ್ ಅವರ ತಂಡದ ಪ್ರಯತ್ನದಿಂದ ಹುಟ್ಟಿದ ಮಗುವನ್ನು ದೇಶದ ಮೊದಲ ಪ್ರನಾಳ ಶಿಶು ಎಂದು ಸಾರಲಾಯಿತು. ಆದರೆ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿದ ಆನಂದಕುಮಾರ್, 1997ರಲ್ಲಿ, ಆ ಗೌರವ ತಮ್ಮ ತಂಡದ್ದಲ್ಲ, ಮುಖೋಪಾಧ್ಯಾಯರದು ಎಂದು ತಾವೇ ಬರೆದು ಪ್ರಕಟಿಸಿದರು. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಔದಾರ್ಯ ಅಪರೂಪ.

ಬಾಡಿಗೆ ತಾಯ್ತನಕ್ಕೂ ಇದಕ್ಕೂ ಏನು ಸಂಬಂಧ? ಭ್ರೂಣ ದೇಹದ ಹೊರಗೆ ರೂಪುಗೊಳ್ಳಬಲ್ಲದು ಎಂದ ಮೇಲೆ, ಅದನ್ನು ಯಾರ ಗರ್ಭಕೋಶಕ್ಕೆ ಇಳಿಸಬೇಕು ಎಂಬುದು ಆಯ್ಕೆಯ ವಿಷಯವಾಯಿತು. ಅದಕ್ಕೆ ಮೊದಲು ಇನ್ನೊಬ್ಬರಿಗಾಗಿ ಹೆರುವವಳು ತನ್ನದೇ ಅಂಡಾಣುವಿನ ಮಗುವನ್ನು ಹೆರಬೇಕಿತ್ತು. ಅಂದರೆ ಬಿಟ್ಟುಕೊಡುವ ಮಗು ಎಲ್ಲ ಅರ್ಥದಲ್ಲಿಯೂ ಅವಳದೇ. ಹೊಸ ವಿಧಾನದಲ್ಲಿ ದಂಪತಿಯ ಭ್ರೂಣವನ್ನೇ ಅವಳು ಹೊರಬಹುದು. ಗರ್ಭಕೋಶವೇ ಇಲ್ಲದವಳು, ಕ್ಯಾನ್ಸರಿನಿಂದ ಅದನ್ನು ಕಳೆದುಕೊಂಡವಳು, ಮತ್ತೆ ಮತ್ತೆ ಗರ್ಭಪಾತವಾಗಿ ಸೋತವಳು ತನ್ನದೇ ರಕ್ತದ ಮಗುವನ್ನು ಪಡೆಯುವುದು ಇದರಿಂದ ಸಾಧ್ಯವಾಯಿತು.

ಒಂದು ಪ್ರಶ್ನೆ, ಮೂರು ಉತ್ತರ

ವಿಜ್ಞಾನ ದಾರಿ ತೆರೆದಷ್ಟು ಬೇಗ ಕಾನೂನು ಅದಕ್ಕೆ ಬೇಲಿ ಹಾಕಲಾಗಲಿಲ್ಲ. ಮೊದಲ ದೊಡ್ಡ ಜಗಳ ಅಮೆರಿಕದ ನ್ಯೂಜೆರ್ಸಿಯಲ್ಲಿ ನಡೆಯಿತು. 'ಬೇಬಿ ಎಂ' ಪ್ರಕರಣ ಎಂದು ಹೆಸರಾದ ಅದರಲ್ಲಿ, 10,000 ಡಾಲರಿಗೆ ಒಪ್ಪಂದ ಮಾಡಿಕೊಂಡ ಮಹಿಳೆ 1986ರಲ್ಲಿ ತನ್ನದೇ ಅಂಡಾಣುವಿನ ಮಗುವನ್ನು ಹೆತ್ತಳು. ಮಗುವಿನ ಮುಖ ನೋಡಿದ ಮೇಲೆ ಕೊಡಲು ಮನಸ್ಸಾಗಲಿಲ್ಲ. ಕೆಳಗಿನ ನ್ಯಾಯಾಲಯ, ಒಪ್ಪಂದ ಒಪ್ಪಂದವೇ ಎಂದು ಹೇಳಿ ಅವಳ ತಾಯ್ತನದ ಹಕ್ಕನ್ನೇ ತೆಗೆದುಹಾಕಿತು. 1988ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ತಿರಸ್ಕರಿಸಿತು. ಹಣ ಕೊಟ್ಟು ಮಾಡಿಕೊಂಡ ಇಂಥ ಒಪ್ಪಂದ ಅಸಿಂಧು, ಹೆತ್ತವಳೇ ತಾಯಿ, ಆದರೆ ಮಗುವಿನ ಹಿತದೃಷ್ಟಿಯಿಂದ ಅದು ತಂದೆಯ ಮನೆಯಲ್ಲಿ ಬೆಳೆಯಲಿ, ತಾಯಿ ಹೋಗಿ ನೋಡಬಹುದು ಎಂದಿತು.

ಬ್ರಿಟನ್ ಬೇರೆ ಉತ್ತರ ಕೊಟ್ಟಿತು. ತತ್ವಶಾಸ್ತ್ರಜ್ಞೆ ಮೇರಿ ವಾರ್ನಾಕ್ ಅಧ್ಯಕ್ಷತೆಯ ಸಮಿತಿ 1984ರಲ್ಲಿ ವರದಿ ಕೊಟ್ಟಿತ್ತು. 1985ರಲ್ಲಿ ಅಲ್ಲಿನ ಸಂಸತ್ತು ಬಾಡಿಗೆ ತಾಯ್ತನದ ದಲ್ಲಾಳಿ ವ್ಯಾಪಾರವನ್ನು ನಿಷೇಧಿಸಿತು. ಅಲ್ಲಿ ಹೆತ್ತವಳೇ ಕಾನೂನಿನ ತಾಯಿ. ಮಗು ಹುಟ್ಟಿದ ಮೇಲೆ ಅವಳ ಒಪ್ಪಿಗೆ ಪಡೆದು ನ್ಯಾಯಾಲಯದ ಆದೇಶದ ಮೂಲಕ ಆ ಹಕ್ಕು ದಂಪತಿಗೆ ಹೋಗಬೇಕು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1993ರಲ್ಲಿ ಇನ್ನೂ ಒಂದು ಉತ್ತರ ಕೊಟ್ಟಿತು. ಅಂಡಾಣು ಒಬ್ಬಳದು, ಹೊತ್ತವಳು ಇನ್ನೊಬ್ಬಳು ಎಂದಾದಾಗ, ಆ ಮಗುವನ್ನು ಪಡೆದು ಬೆಳೆಸಬೇಕೆಂದು ಮೊದಲು ಸಂಕಲ್ಪ ಮಾಡಿದವಳೇ ತಾಯಿ ಎಂದಿತು.

ಒಂದೇ ಪ್ರಶ್ನೆಗೆ ಮೂರು ಉತ್ತರ: ಹೆತ್ತವಳು ತಾಯಿ ಆದರೂ ಮಗು ತಂದೆಯ ಬಳಿಗೆ, ಹೆತ್ತವಳು ತಾಯಿ, ಅವಳು ಕೊಟ್ಟರೆ ಮಾತ್ರ ಮಗು, ಬಯಸಿದವಳೇ ತಾಯಿ. ಇದೇ ನ್ಯೂಜೆರ್ಸಿ 2018ರಲ್ಲಿ, ಹೊರುವವಳ ಅಂಡಾಣು ಬಳಸದ ಬಗೆಯ ಒಪ್ಪಂದಗಳಿಗೆ ಕಾಯ್ದೆಯ ಮಾನ್ಯತೆ ಕೊಟ್ಟು ತನ್ನ ಹಳೆಯ ನಿಲುವನ್ನು ಸಡಿಲಿಸಿತು.

ಆನಂದದಿಂದ ಬೆಂಗಳೂರಿಗೆ

ಭಾರತದಲ್ಲಿ ಈ ಕತೆ ಪ್ರಸಿದ್ಧವಾದದ್ದು ಹಾಲಿನ ಸಹಕಾರ ಚಳವಳಿಗೆ ಹೆಸರಾದ ಗುಜರಾತಿನ ಆನಂದ ಪಟ್ಟಣದಿಂದ. 2004ರಲ್ಲಿ ಅಲ್ಲಿ ಒಬ್ಬ ತಾಯಿ, ಬ್ರಿಟನ್ನಿನಲ್ಲಿ ನೆಲೆಸಿದ ತನ್ನ ಮಗಳಿಗಾಗಿ ಅವಳಿ ಮಕ್ಕಳನ್ನು ಹೆತ್ತಳು. ಅಜ್ಜಿಯೇ ಮೊಮ್ಮಕ್ಕಳನ್ನು ಹೆತ್ತ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಆಮೇಲೆ ವಿದೇಶೀಯರು ಸಾಲುಗಟ್ಟಿ ಬರತೊಡಗಿದರು. ಅಮೆರಿಕದಲ್ಲಿ ತಗಲುವುದರ ಒಂದು ಪಾಲಿನಷ್ಟು ಖರ್ಚು, ಇಂಗ್ಲಿಷ್ ಬಲ್ಲ ನುರಿತ ವೈದ್ಯರು, ಇದನ್ನು ತಡೆಯುವ ಕಾಯ್ದೆ ಇಲ್ಲದಿರುವುದು: ಇವು ಮೂರು ಕಾರಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2005ರಲ್ಲಿ ಮಾರ್ಗಸೂಚಿ ಹೊರಡಿಸಿತಾದರೂ ಅದನ್ನು ಮೀರಿದವರನ್ನು ಶಿಕ್ಷಿಸುವ ಬಲ ಅದಕ್ಕಿರಲಿಲ್ಲ.

ಹೊತ್ತವರು ಯಾರು? ಹೆಚ್ಚಿನವರು ದುಡಿಯುವ ಬಡ ಮನೆಗಳ ಹೆಂಗಸರು. ಬಸುರಿನ ಅವಧಿಯನ್ನು ಎಷ್ಟೋ ಮಂದಿ ತಮ್ಮ ಮಕ್ಕಳಿಂದ ದೂರವಾಗಿ ಆಸ್ಪತ್ರೆಯವರ ವಸತಿಗೃಹಗಳಲ್ಲಿ ಕಳೆದರು. ಬೆಂಗಳೂರಿನ ಬಾಡಿಗೆ ತಾಯಂದಿರ ಬದುಕನ್ನು ಸಮಾಜಶಾಸ್ತ್ರಜ್ಞೆ ಶರ್ಮಿಳಾ ರುದ್ರಪ್ಪ ಹತ್ತಿರದಿಂದ ಅಭ್ಯಾಸ ಮಾಡಿ 2015ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ಭೇಟಿಯಾದವರಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರು ಹಲವರಿದ್ದರು. ಹೊಲಿಗೆ ಯಂತ್ರದ ಮುಂದೆ ಮೇಲ್ವಿಚಾರಕರ ಬೈಗುಳ ಕೇಳುತ್ತ ದುಡಿಯುವುದಕ್ಕಿಂತ ಇದೇ ಮೇಲು ಎಂದು ಕೆಲವರಿಗೆ ಅನಿಸಿತ್ತು. ಈ ಮಾತನ್ನು ಎರಡು ರೀತಿಯಲ್ಲಿ ಅರ್ಥ ಮಾಡಿಕೊಳ್ಳಬಹುದು. ಬಾಡಿಗೆ ತಾಯ್ತನ ಅಷ್ಟೇನೂ ಕೆಟ್ಟದ್ದಲ್ಲ ಎಂದೂ ಹೇಳಬಹುದು. ಕಾರ್ಖಾನೆಯ ದುಡಿಮೆ ಅಷ್ಟು ಕೆಟ್ಟದಾಗಿತ್ತು ಎಂದೂ ಹೇಳಬಹುದು. ಅವರ ಪಾಲಿಗೆ ಅದು ಮನೆ ಸಾಲ, ಮಕ್ಕಳ ಶಾಲೆಯ ಖರ್ಚು, ಗಂಡನ ಸಂಪಾದನೆಯ ಕೊರತೆ ಇವುಗಳ ನಡುವಿನ ಒಂದು ಲೆಕ್ಕಾಚಾರ.

ದೇಶವಿಲ್ಲದ ಶಿಶುಗಳು

2008ರ ಜುಲೈ 25ರಂದು, ಲೂಯಿಸ್ ಬ್ರೌನ್ ಹುಟ್ಟಿ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನ, ಆನಂದದಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಅದನ್ನು ಬಯಸಿದ್ದವರು ಜಪಾನಿನ ದಂಪತಿ. ಅಂಡಾಣು ಇನ್ನಾರೋ ದಾನಿಯದು. ಮಗು ಹುಟ್ಟುವ ಮೊದಲೇ ದಂಪತಿ ವಿಚ್ಛೇದನ ಪಡೆದಿದ್ದರು. ಬಯಸಿದ್ದ ತಾಯಿಗೆ ಮಗು ಬೇಡವಾಗಿತ್ತು, ಅಂಡಾಣು ಕೊಟ್ಟವಳ ಹೆಸರು ತಿಳಿಯುವಂತಿರಲಿಲ್ಲ, ಹೊತ್ತವಳ ಕೆಲಸ ಒಪ್ಪಂದದ ಪ್ರಕಾರ ಮುಗಿದಿತ್ತು. ಮೂವರು ತಾಯಂದಿರಿದ್ದೂ ಮಗುವಿಗೆ ತಾಯಿ ಇರಲಿಲ್ಲ. ಮರುದಿನವೇ ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟ ನಡೆದಾಗ ಗುಜರಾತಿನಲ್ಲಿ ಆತಂಕ ಹಬ್ಬಿತು. ಶಿಶುವನ್ನು ಜೈಪುರಕ್ಕೆ ಸಾಗಿಸಲಾಯಿತು. ತಂದೆಯ ತಾಯಿ ಜಪಾನಿನಿಂದ ಬಂದು ಮೊಮ್ಮಗಳನ್ನು ನೋಡಿಕೊಂಡಳು.

ತಂದೆಗೆ ಮಗು ಬೇಕಿತ್ತು, ಆದರೆ ಕರೆದೊಯ್ಯಲು ಕಾಗದವಿರಲಿಲ್ಲ. 'ಬೇಬಿ ಮಾಂಜಿ' ಪ್ರಕರಣವೆಂದು ಹೆಸರಾದ ಇದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೋರ್ಟು ಸೆಪ್ಟೆಂಬರ್ 29ರಂದು ಅರ್ಜಿಯನ್ನು ಇತ್ಯರ್ಥಪಡಿಸಿ, ಯಾರಿಗಾದರೂ ದೂರಿದ್ದರೆ ಮಕ್ಕಳ ಹಕ್ಕುಗಳ ಆಯೋಗಕ್ಕೆ ಹೋಗಬಹುದು ಎಂದಿತು. ಮಗುವಿಗೆ ಪಾಸ್‌ಪೋರ್ಟಿನ ಬದಲು ಒಂದು ಗುರುತಿನ ಪತ್ರ ಸಿಕ್ಕಿತು. ಹುಟ್ಟಿದ ಮೂರು ತಿಂಗಳಿಗೂ ಹೆಚ್ಚು ಕಾಲದ ಮೇಲೆ, ನವೆಂಬರಿನಲ್ಲಿ, ಅದು ಅಜ್ಜಿಯ ಜೊತೆ ಜಪಾನಿಗೆ ಹೋಯಿತು.

ಅದೇ ವರ್ಷದ ಜನವರಿಯಲ್ಲಿ ಆನಂದದಲ್ಲಿಯೇ ಹುಟ್ಟಿದ್ದ ಜರ್ಮನ್ ದಂಪತಿಯ ಅವಳಿ ಮಕ್ಕಳ ಪಾಡು ಇನ್ನೂ ದೀರ್ಘವಾದದ್ದು. ಜರ್ಮನಿಯಲ್ಲಿ ಬಾಡಿಗೆ ತಾಯ್ತನಕ್ಕೆ ಅವಕಾಶವಿಲ್ಲದ್ದರಿಂದ ಆ ದೇಶ ಅವರನ್ನು ತನ್ನವರೆನ್ನಲಿಲ್ಲ. 2009ರಲ್ಲಿ ಗುಜರಾತ್ ಹೈಕೋರ್ಟು, ಹೆತ್ತವಳು ಭಾರತೀಯಳು, ಆದ್ದರಿಂದ ಮಕ್ಕಳೂ ಭಾರತೀಯರು ಎಂದು ತೀರ್ಪು ಕೊಟ್ಟಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಕೊನೆಗೆ ದತ್ತಕದ ವಿಶೇಷ ಅನುಮತಿಯ ಮೂಲಕ 2010ರಲ್ಲಿ ಮಕ್ಕಳು ತಂದೆಯ ಮನೆ ಸೇರಿದರು. ಹಳೆಯ ದತ್ತಕದ ದಾರಿಯೇ ಹೊಸ ದಾರಿಯ ಗಂಟನ್ನು ಬಿಡಿಸಿತು ಎಂಬುದು ಇಲ್ಲಿ ಗಮನಿಸಬೇಕಾದ ಮಾತು.

ತೆರೆದ ಬಾಗಿಲು ಮುಚ್ಚಿದ್ದು

ಕಾನೂನು ಆಯೋಗ 2009ರ ತನ್ನ 228ನೆಯ ವರದಿಯಲ್ಲಿ ವ್ಯಾಪಾರದ ಬಾಡಿಗೆ ತಾಯ್ತನವನ್ನು ನಿಲ್ಲಿಸಿ ಪರೋಪಕಾರದ್ದನ್ನು ಮಾತ್ರ ಉಳಿಸಬೇಕೆಂದು ಶಿಫಾರಸು ಮಾಡಿತು. 2012ರಲ್ಲಿ ಕೇಂದ್ರ ಗೃಹ ಸಚಿವಾಲಯ ವಿದೇಶೀಯರಿಗೆ ವೀಸಾ ನಿಯಮ ಬಿಗಿಗೊಳಿಸಿ, ಮದುವೆಯಾಗಿ ಎರಡು ವರ್ಷವಾದ ದಂಪತಿಗೆ ಮಾತ್ರ ಅವಕಾಶವಿತ್ತಿತು. 2015ರ ನವೆಂಬರಿನಲ್ಲಿ ವಿದೇಶೀಯರಿಗೆ ಬಾಗಿಲು ಪೂರ್ತಿ ಮುಚ್ಚಿತು.

ಒಂದು ದೇಶ ಬಾಗಿಲು ಮುಚ್ಚಿದರೆ ವ್ಯಾಪಾರ ಪಕ್ಕದ ದೇಶಕ್ಕೆ ಹೋಗುತ್ತದೆ. ಭಾರತದ ನಿಯಮ ಬಿಗಿಯಾದಾಗ ನೇಪಾಳದಲ್ಲಿ ಅದು ಕುದುರಿತು. ಆದರೆ ಅಲ್ಲಿ ನೇಪಾಳಿ ಹೆಂಗಸರು ಹೊರುವಂತಿರಲಿಲ್ಲವಾದ್ದರಿಂದ ಭಾರತದ ಹೆಂಗಸರೇ ಗಡಿ ದಾಟಿ ಹೋದರು. 2015ರ ಏಪ್ರಿಲ್‌ನ ಭೂಕಂಪದಲ್ಲಿ ಇಸ್ರೇಲ್ ತನ್ನ ನಾಗರಿಕರ ಶಿಶುಗಳನ್ನು ಕಠ್ಮಂಡುವಿನಿಂದ ವಿಮಾನದಲ್ಲಿ ಒಯ್ದಾಗ ಈ ಸಂಗತಿ ಜಗತ್ತಿಗೆ ಗೊತ್ತಾಯಿತು. ಹೆತ್ತ ಹೆಂಗಸರ ಗತಿಯೇನಾಯಿತು ಎಂದು ಆಗ ಹಲವರು ಕೇಳಿದರು. ಅದೇ ವರ್ಷ ಥಾಯ್ಲೆಂಡ್ ಮತ್ತು ನೇಪಾಳ ಎರಡೂ ವಿದೇಶೀಯರಿಗೆ ತಡೆ ಹಾಕಿದವು. 2020ರಲ್ಲಿ ಕೊರೊನಾದಿಂದ ವಿಮಾನ ನಿಂತಾಗ ಉಕ್ರೇನಿನ ಕೀವ್ ನಗರದ ಹೋಟೆಲೊಂದರಲ್ಲಿ ಹತ್ತಾರು ಶಿಶುಗಳು ಸಾಲು ತೊಟ್ಟಿಲುಗಳಲ್ಲಿ ತಂದೆತಾಯಿಯರಿಗಾಗಿ ಕಾದವು.

ಭಾರತದ ಸಂಸತ್ತಿನಲ್ಲಿ ಮಸೂದೆ ಮೊದಲು ಬಂದದ್ದು 2016ರಲ್ಲಿ. ಐದು ವರ್ಷಗಳ ಚರ್ಚೆಯ ನಂತರ 2021ರ ಡಿಸೆಂಬರಿನಲ್ಲಿ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆಯಾಗಿ, 2022ರ ಜನವರಿ 25ರಿಂದ ಜಾರಿಗೆ ಬಂತು. ಇದರ ಪ್ರಕಾರ ಹೊರುವವಳಿಗೆ ವೈದ್ಯಕೀಯ ಖರ್ಚು ಮತ್ತು ವಿಮೆ ಮುಂತಾದವನ್ನು ಬಿಟ್ಟು ಹಣ ಕೊಡುವಂತಿಲ್ಲ. ಅವಳು ಮದುವೆಯಾಗಿ ಸ್ವಂತ ಮಗುವಿರುವ, 25ರಿಂದ 35 ವಯಸ್ಸಿನ ಮಹಿಳೆಯಾಗಿರಬೇಕು. ಜೀವಮಾನದಲ್ಲಿ ಒಮ್ಮೆ ಮಾತ್ರ ಹೊರಬಹುದು. ತನ್ನ ಅಂಡಾಣು ಕೊಡುವಂತಿಲ್ಲ. 36 ತಿಂಗಳ ವಿಮೆ ಅವಳಿಗಿರಬೇಕು. ಬಯಸುವ ದಂಪತಿಯಲ್ಲಿ ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವಯಸ್ಸು. 35ರಿಂದ 45 ವಯಸ್ಸಿನ ವಿಧವೆ ಮತ್ತು ವಿಚ್ಛೇದಿತೆಗೂ ಅವಕಾಶವಿದೆ. ಅವಿವಾಹಿತೆಗೆ, ಒಂಟಿ ಪುರುಷನಿಗೆ ಇಲ್ಲ. ವ್ಯಾಪಾರ ನಡೆಸಿದವರಿಗೆ 10 ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ.

ಮಗು ಯಾರದು ಎಂಬ ಹಳೆಯ ಪ್ರಶ್ನೆಗೆ ಈ ಕಾಯ್ದೆ ಮುಂಚಿತವಾಗಿಯೇ ಉತ್ತರ ಬರೆದಿಡುತ್ತದೆ. ಚಿಕಿತ್ಸೆಗೆ ಮೊದಲೇ ಮ್ಯಾಜಿಸ್ಟ್ರೇಟರ ಆದೇಶ ಪಡೆಯಬೇಕು. ಹುಟ್ಟುವ ಮಗು ದಂಪತಿಯ ಸ್ವಂತ ಮಗುವೆಂದೇ ಲೆಕ್ಕ. ಯಾವ ಕಾರಣಕ್ಕೂ ಅದನ್ನು ತೊರೆಯುವಂತಿಲ್ಲ. ಜೈಪುರದಲ್ಲಿ ತಿಂಗಳುಗಟ್ಟಲೆ ಕಾದ ಆ ಶಿಶುವಿನ ಪಾಡು ಮುಂದೆ ಯಾರಿಗೂ ಬರದಂತೆ ಮಾಡುವುದು ಇದರ ಒಂದು ಮುಖ್ಯ ಉದ್ದೇಶ. ಈ ಮಟ್ಟಿಗೆ ಇದೊಂದು ಸ್ಪಷ್ಟ ಗೆಲುವು.

ಕಾಯ್ದೆಯ ಅಂಚಿನಲ್ಲಿ

ಆದರೆ ವಯಸ್ಸಿನ ಅಂಕಿಗಳಲ್ಲಿ ಮನುಷ್ಯರ ಬದುಕನ್ನು ಅಳೆಯುವುದು ಸುಲಭವಲ್ಲ. 2023ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಒಂದು ಅರ್ಜಿ ಬಂತು. 23 ವರ್ಷದ ಒಬ್ಬನೇ ಮಗನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡ ದಂಪತಿ ಅವರು. ಹೆಂಡತಿಯ ಗರ್ಭಕೋಶವನ್ನು ಮೊದಲೇ ತೆಗೆಯಲಾಗಿತ್ತು. ಗಂಡನಿಗೆ 57 ವಯಸ್ಸು, ಕಾಯ್ದೆಯ ಮಿತಿಗಿಂತ ಎರಡು ವರ್ಷ ಹೆಚ್ಚು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅಂಕಿಗೆ ಅಂಟಿಕೊಳ್ಳದೆ, ಆನುವಂಶಿಕ, ದೈಹಿಕ ಮತ್ತು ಆರ್ಥಿಕ ಎಂಬ ಮೂರು ಬಗೆಯ ಪರೀಕ್ಷೆ ನಡೆಸಿ ದಂಪತಿಯ ಅರ್ಹತೆಯನ್ನು ನಿರ್ಧರಿಸುವ ದಾರಿ ತೋರಿದರು. ಹುಟ್ಟುವ ಮಗುವಿಗೆ ತೊಂದರೆ ಬಾರದಿರಲಿ, ಅದನ್ನು ಎತ್ತಿ ಆಡಿಸುವ ಶಕ್ತಿ ಇವರಿಗಿರಲಿ, ಸಾಕುವ ಅನುಕೂಲವಿರಲಿ ಎಂಬುದು ಇದರ ಸಾರ.

ದಾನಿಯ ಅಂಡಾಣು ಬಳಸಬಾರದೆಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ನಿಯಮ ತಿದ್ದಿತ್ತು. ಹುಟ್ಟಿನಿಂದ ಬಂದ ದೋಷದಿಂದ ಅಂಡಾಣುವೇ ಉತ್ಪತ್ತಿಯಾಗದ ಮಹಿಳೆಯೊಬ್ಬಳು ಸುಪ್ರೀಂ ಕೋರ್ಟಿಗೆ ಹೋದಾಗ, ಅದೇ ವರ್ಷದ ಅಕ್ಟೋಬರಿನಲ್ಲಿ ಅವಳ ಮಟ್ಟಿಗೆ ಆ ನಿಯಮಕ್ಕೆ ತಡೆ ಸಿಕ್ಕಿತು. 2024ರ ಫೆಬ್ರುವರಿಯಲ್ಲಿ ಸರ್ಕಾರವೇ ನಿಯಮ ಸಡಿಲಿಸಿ, ವೈದ್ಯಕೀಯ ಕಾರಣವನ್ನು ಜಿಲ್ಲಾ ವೈದ್ಯಕೀಯ ಮಂಡಳಿ ದೃಢಪಡಿಸಿದರೆ, ದಂಪತಿಯಲ್ಲಿ ಒಬ್ಬರ ಬದಲಿಗೆ ದಾನಿಯ ಅಂಡಾಣು ಅಥವಾ ವೀರ್ಯಾಣು ಬಳಸಬಹುದು ಎಂದಿತು. ಕಾಯ್ದೆ ಬರುವ ಮೊದಲೇ ಭ್ರೂಣ ಸಂಗ್ರಹಿಸಿಟ್ಟಿದ್ದ ದಂಪತಿಗಳಿಗೆ ವಯಸ್ಸಿನ ಮಿತಿ ಅನ್ವಯಿಸದು ಎಂದು 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಗಮನಿಸಿದರೆ, ಈ ಅರ್ಜಿಗಳೆಲ್ಲ ಮಗುವನ್ನು ಬಯಸುವವರದು. ಅವರ ನೋವು ನಿಜವಾದದ್ದು, ಕೋರ್ಟುಗಳು ಅದಕ್ಕೆ ಕಿವಿಗೊಟ್ಟದ್ದೂ ಸರಿಯೇ. ಹೊತ್ತವಳ ಪರವಾದ ವಾದ ಮಾತ್ರ ಇನ್ನೂ ಅರ್ಧದಲ್ಲಿದೆ. ಬಡತನದ ಒತ್ತಡಕ್ಕೆ ಸಿಕ್ಕಿ ದೇಹವನ್ನು ಒಡ್ಡುವುದು ತಪ್ಪಬೇಕಾದರೆ ಹಣ ನಿಲ್ಲಬೇಕು ಎನ್ನುತ್ತಾರೆ ಕಾಯ್ದೆಯ ಪರವಾದವರು. ವೈದ್ಯರಿಗೆ ಶುಲ್ಕ, ಆಸ್ಪತ್ರೆಗೆ ಬಿಲ್ಲು, ವಕೀಲರಿಗೆ ಫೀಸು, ಒಂಬತ್ತು ತಿಂಗಳು ಹೊತ್ತವಳಿಗೆ ಮಾತ್ರ ಬರಿಯ ಪುಣ್ಯವೇ ಎನ್ನುತ್ತಾರೆ ವಿರೋಧಿಸುವವರು. ಹಣವಿಲ್ಲವೆಂದ ಮಾತ್ರಕ್ಕೆ ಒತ್ತಡವಿಲ್ಲ ಎನ್ನಲಾಗದು. ಅತ್ತೆ, ಭಾವ, ಗಂಡ ಸೇರಿ ನಾದಿನಿಗಾಗಿ ಹೊರು ಎಂದರೆ ಮನೆಯ ಸೊಸೆ ಇಲ್ಲವೆನ್ನುವುದು ಸುಲಭವೇ? ಹೊರುವವಳು ಹತ್ತಿರದ ಸಂಬಂಧಿಯೇ ಆಗಿರಬೇಕೆಂಬ ಷರತ್ತನ್ನು ರಾಜ್ಯಸಭೆಯ ಆಯ್ಕೆ ಸಮಿತಿ 2020ರಲ್ಲಿ ಬಿಡಿಸಿ, ಒಪ್ಪುವ ಯಾವ ಮಹಿಳೆಯಾದರೂ ಆಗಬಹುದೆಂದದ್ದರ ಹಿಂದೆ ಈ ಆತಂಕವೂ ಇತ್ತು. ಮಗು ಪಡೆದ ಉದ್ಯೋಗಸ್ಥ ತಾಯಿಗೆ 2017ರ ತಿದ್ದುಪಡಿ 12 ವಾರಗಳ ರಜೆ ಕೊಟ್ಟಿತು. ಹೊತ್ತವಳಿಗೂ 180 ದಿನಗಳ ರಜೆ ಎಂದು ಕೇಂದ್ರ ಸರ್ಕಾರಿ ನೌಕರರ ನಿಯಮ ಹೇಳಿದ್ದು 2024ರಲ್ಲಿ. ಹಾಗೆ ಹೊರುವವರಲ್ಲಿ ಸರ್ಕಾರಿ ನೌಕರಿಯಲ್ಲಿರುವವರು ಎಷ್ಟು ಮಂದಿ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಬಾಡಿಗೆಯೇ ನಿಷಿದ್ಧವಾದ ಮೇಲೂ 'ಬಾಡಿಗೆ ತಾಯಿ' ಎಂಬ ಮಾತು ಕನ್ನಡದಲ್ಲಿ ಉಳಿದುಕೊಂಡಿದೆ. ಮನೆಯ ಬಾಡಿಗೆ ಮುಗಿದರೆ ಕೀಲಿ ಕೊಟ್ಟು ಹೊರಟುಬಿಡಬಹುದು; ಬಸಿರು ಹಾಗಲ್ಲ. ಹೆರಿಗೆಯ ನೋವು, ಬಾಣಂತನದ ದಿನಗಳು, ಎದೆಯಲ್ಲಿ ತುಂಬುವ ಹಾಲು ಒಪ್ಪಂದದ ದಿನಾಂಕ ನೋಡಿ ನಿಲ್ಲುವುದಿಲ್ಲ. ಹೆಸರು ಬದಲಾಗುವುದು ಕಾಲದ ಕೆಲಸ. ಆದರೆ ಕಾಯ್ದೆ ಅವಳಿಗಾಗಿ ಎರಡು ಸಾಲುಗಳನ್ನು ಈಗಲೇ ಬರೆದಿಟ್ಟಿದೆ. ಭ್ರೂಣವನ್ನು ಗರ್ಭಕ್ಕೆ ಇಳಿಸುವ ಕ್ಷಣದವರೆಗೆ ಅವಳು ತನ್ನ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಆಗಬಹುದಾದ ತೊಂದರೆಗಳನ್ನೆಲ್ಲ ಅವಳಿಗೆ ವಿವರಿಸಿ, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಬೇಕು. ಬೆಂಗಳೂರಿನ, ಹುಬ್ಬಳ್ಳಿಯ, ಕಲಬುರ್ಗಿಯ ಆಸ್ಪತ್ರೆಗಳಲ್ಲಿ ಆ ಪತ್ರವನ್ನು ಸಹಿಗೆ ಮೊದಲು ಅವಳ ಮುಂದೆ ಯಾರಾದರೂ ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳುತ್ತಾರೆಯೇ ಎಂಬುದರ ಮೇಲೆ ಈ ಕಾಯ್ದೆಯ ಬೆಲೆ ನಿಂತಿದೆ.